ಬೂಶ್ತಾನಿಗಿಂತ ಮೊದಲು

ಮಂಗಳವಾರ, ಅಕ್ಟೋಬರ್ 3

ಈ ನೋಟ್‌ಬುಕ್ ಕೊಂಡದ್ದು ನನ್ನ ಇಷ್ಟದಿಂದಲ್ಲ. ಕೋರ್ಟಿನ ಎದುರು ಟೈಪ್ ಯಂತ್ರ ಇಟ್ಟುಕೊಂಡು ಕೂತಿರುವ ಅರ್ಜಿ ಬರೆಯುವ ತೈಬಿ, ಗಂಡಸರನ್ನೆಲ್ಲ ಮರ್ಯಾದೆಗೆ "ಸಿ" ಸೇರಿಸಿಯೇ ಕರೆಯುವವನು, ಹೇಳಿದ: "ಸಿ ಅಲ್ಲಾಲ್, ಇವತ್ತಿಂದ ನೀನು ಮಾಡೋ ಒಳ್ಳೇ ಕೆಲಸನೆಲ್ಲ ತಾರೀಖು ಹಾಕಿ ಬರ್ಕೋ. ಸನ್ನಡತೆ ಬಗ್ಗೆ ಯಾರು, ಯಾವಾಗ, ಏನು ಕೇಳ್ತಾರೋ ಗೊತ್ತಿಲ್ಲ. ಆಮೇಲೆ ತಲೆ ಕೆರ್ಕೊಂಡು ನಿಂತ್ಕೋಬೇಡ."

ಸರಿ. ಇವತ್ತಿನ ಒಳ್ಳೆಯ ಕೆಲಸ: ನಾನು ತೈಬಿಯ ಅಂಗಡಿಯಿಂದ ಹೊರಬರುವಾಗ ಬೂಶ್ತಾ ಒಳಗೆ ಬರುತ್ತಿದ್ದ. ಅವನ ಕಾಲು ತುಳಿಯಲಿಲ್ಲ.

ಅವನೂ ಅದೇ ಅರ್ಜಿಗೆ ಬಂದಿದ್ದ. ಮಾನ ಮರಳಿಸುವ ಅರ್ಜಿ. ಜೈಲಿನಿಂದ ಬಂದು ಮೂರು ವರ್ಷ ನೆಟ್ಟಗೆ ಬದುಕಿದವನು ಅದನ್ನು ಹಾಕಬಹುದು. ನ್ಯಾಯಾಧೀಶರು ಒಪ್ಪಿದರೆ ಶಿಕ್ಷೆಯ ದಾಖಲೆ ಅಳಿಸಿಹೋಗುತ್ತದೆ. ಆಮೇಲೆ ಯಾರು ಕೇಳಿದರೂ ಕಾಗದದಲ್ಲಿ ನಮ್ಮ ಹೆಸರಿನ ಮುಂದೆ "ಏನೂ ಇಲ್ಲ" ಎಂದು ಮುದ್ರೆ ಒತ್ತಿ ಕೊಡುತ್ತಾರೆ. ಆ ಎರಡು ಪದ ಇಲ್ಲದೆ ಟ್ಯಾಕ್ಸಿ ಓಡಿಸುವ ವಿಶ್ವಾಸಪತ್ರ ಸಿಗುವುದಿಲ್ಲ. ಹದಿನಾರು ವರ್ಷ ಒಂದೇ ಟ್ಯಾಕ್ಸಿಯನ್ನು ನಾನು ಹಗಲು, ಬೂಶ್ತಾ ರಾತ್ರಿ ಓಡಿಸಿದೆವು. ಈಗ ನಾನು ನಿಲ್ದಾಣದಲ್ಲಿ ಬೇರೆಯವರ ಟ್ಯಾಕ್ಸಿ ತೊಳೆಯುತ್ತೇನೆ. ಅವನು ಓಣಿಯ ರೊಟ್ಟಿ ಒಲೆಯಲ್ಲಿ ಕೆಲಸಕ್ಕಿದ್ದಾನೆ.

ಹಜ್ ಮಾಡಿಬಂದ ಹಾಜ್ಜಾ ತಾಮೂಳ ಗಂಡ ಸತ್ತ ಮೇಲೆ ಟ್ಯಾಕ್ಸಿ ಪರವಾನಗಿ ಅವಳ ಹೆಸರಿಗೆ ಬಂದಿದೆ. ಈಗ ಅದನ್ನು ಓಡಿಸುವ ಮುದುಕನಿಗೆ ಕಣ್ಣಿನ ಪೊರೆ. ಹಾಜ್ಜಾ ಇಬ್ಬರನ್ನೂ ಕರೆಸಿ ಹೇಳಿದ್ದಾಳೆ: "ಫೆಬ್ರವರಿ ಮುಗಿಯೋದ್ರೊಳಗೆ ನಿಮ್ಮಿಬ್ಬರಲ್ಲಿ ಯಾರು ಮೊದಲು ಶುದ್ಧ ಕಾಗದ ತರ್ತೀರೋ ಅವರಿಗೆ ಕೀಲಿ. ಇಬ್ಬರೂ ತರ್ಲಿಲ್ವೋ, ಫೆಸ್ ಪಟ್ಟಣದಿಂದ ಬರೋನಿಗೆ ಕೊಟ್ಟು ಕೈ ತೊಳ್ಕೋತೀನಿ."

ಬೂಶ್ತಾನಿಗಿಂತ ಮೊದಲು ನಾನು ತರಬೇಕು. ಇಷ್ಟೇ ವಿಷಯ. ಬೇರೆ ಏನನ್ನೂ ನಾನು ದೇವರಲ್ಲಿ ಕೇಳಿಲ್ಲ.

ಶುಕ್ರವಾರ, ಅಕ್ಟೋಬರ್ 6

ನನ್ನ ಹೆಂಡತಿ ಶಾಮಾ ಶುಕ್ರವಾರದ ರವೆಯೂಟ, ಕೂಸ್‌ಕೂಸ್ ಮಾಡಿದ್ದಳು. ಕುಂಬಳಕಾಯಿ ಹದವಾಗಿ ಬೆಂದಿತ್ತು. ಖುಷಿಯಾಗಿ ಉಣ್ಣುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಎನಿಸಿಕೊಂಡವಳು ಒಂದು ರೊಟ್ಟಿ ಎತ್ತಿ, ತಿರುಗಿಸಿ, ನನ್ನ ಮೂಗಿನ ಹತ್ತಿರ ಹಿಡಿದಳು.

"ನೋಡು, ತಳ ನೋಡು. ಬೂಶ್ತಾ ಬಂದ ಮೇಲೆ ಒಂದು ರೊಟ್ಟಿನೂ ಸೀದಿಲ್ಲ."

"ಬೇಯಿಸೋದು ಒಲೆ ಕಣೇ, ಅವನಲ್ಲ."

"ಮುಂಚೆ ಇದ್ದೋನ ಕಾಲದಲ್ಲೂ ಇದೇ ಒಲೆ ಇತ್ತಲ್ಲ?"

ಓಣಿಯ ಹೆಂಗಸರೆಲ್ಲ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ. ನಲವತ್ತು ಮನೆಗಳಿಂದ ಹಿಟ್ಟಿನ ಹಲಗೆ ಬರುತ್ತದೆ. ಯಾವ ರೊಟ್ಟಿ ಯಾರ ಮನೆಯದೆಂದು ಗುರುತಿಲ್ಲದೆಯೇ ಹೇಳುತ್ತಾನಂತೆ. ಬಾಣಂತಿ ಇರುವ ಮನೆಗೆ ತಾನೇ ಒಯ್ದು ಕೊಡುತ್ತಾನಂತೆ. ಅಂತೆ, ಅಂತೆ, ಅಂತೆ.

ನಮ್ಮನ್ನು ಜೈಲಿಗೆ ಕಳಿಸಿದವನು ಅವನೇ ಎಂಬುದನ್ನು ಯಾರೂ ನೆನೆಯುವುದಿಲ್ಲ. ಚಹಾದಂಗಡಿಯ ಗೆಳೆಯ ಜಿಲಾಲಿ ಊರಾಚೆ ಒಂದು ಹೊಲ ತನ್ನದು ಎಂದ. ದಾಖಲೆ ಇಲ್ಲ. ನಮ್ಮಲ್ಲಿ ದಾಖಲೆ ಇಲ್ಲದವನಿಗೆ ಹನ್ನೆರಡು ಜನರ ನಾಲಿಗೆಯೇ ದಾಖಲೆ. ನೋಟರಿಯ ಮುಂದೆ ನಿಂತು "ಹೌದು, ಈ ಹೊಲ ಇವನ ಅಪ್ಪನ ಕಾಲದಿಂದ ಇವನ ಕೈಲಿದೆ, ನಾವು ನೋಡಿದ್ದೇವೆ" ಎಂದರೆ ಆಯಿತು. ಜಿಲಾಲಿ ಮದುವೆಗೆ ಕರೆದಂತೆ ಕರೆದ, ನಾವು ಮದುವೆಗೆ ಹೋದಂತೆ ಹೋದೆವು. ಇಲ್ಲ ಎನ್ನುವುದು ಹೇಗೆ? ನಾಳೆ ನಮಗೂ ಹನ್ನೆರಡು ಜನ ಬೇಕಾಗಬಹುದು. ಹೇಳಿದೆವು, ಸಹಿ ಹಾಕಿದೆವು, ಚಹಾ ಕುಡಿದು ಮನೆಗೆ ಬಂದೆವು.

ಹೊಲದ ನಿಜವಾದ ಒಡೆಯ ಕೋರ್ಟಿಗೆ ಹೋದ. ನ್ಯಾಯಾಧೀಶರು ನಮ್ಮನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು. ಹೊಲದಲ್ಲಿ ಯಾವ ಮರ ಇದೆ? ನಾನು ಆಲಿವ್ ಎಂದೆ. ಚಪ್ಪಲಿ ಹೊಲಿಯುವ ಸಲ್ಲಾಮ್ ಅಂಜೂರ ಎಂದ. ಒಬ್ಬ ಚೆರಿ, ಒಬ್ಬ ದಾಳಿಂಬೆ, ಒಬ್ಬ ಬಾದಾಮಿ. ನಾವೆಲ್ಲ ಸೇರಿ ಒಂದು ತೋಟವನ್ನೇ ನೆಟ್ಟುಬಿಟ್ಟೆವು. ಬೂಶ್ತಾ ಮಾತ್ರ ನಿಂತ ಕಾಲಲ್ಲೇ "ನಾನು ಆ ಹೊಲ ನೋಡೇ ಇಲ್ಲ ಸ್ವಾಮಿ, ತಪ್ಪಾಯ್ತು" ಎಂದನಂತೆ. ಅಲ್ಲಿದ್ದದ್ದು ಬರೀ ಕಲ್ಲು.

ಎಲ್ಲರಿಗೂ ಎರಡೆರಡು ತಿಂಗಳು. ಅವನಿಗೂ ಅಷ್ಟೇ, ಒಂದು ದಿನ ಕಡಿಮೆ ಇಲ್ಲ. ಆದರೂ ಊರ ಬಾಯಲ್ಲಿ ಈಗ ಏನಾಗಿದೆ ಗೊತ್ತೇ? ಹನ್ನೊಂದು ಸುಳ್ಳರು ಮತ್ತು ಒಬ್ಬ ಬೂಶ್ತಾ. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕುಂಬಳಕಾಯಿ ಅರ್ಧಕ್ಕೇ ಬಿಟ್ಟೆ.

ಮಂಗಳವಾರ, ಅಕ್ಟೋಬರ್ 24

ಕೋರ್ಟಿನ ಕಿಟಕಿ ತೆರೆಯುವುದು ಎಂಟೂವರೆಗೆ. ಬೂಶ್ತಾನಿಗಿಂತ ಮೊದಲು ನಿಲ್ಲಬೇಕೆಂದು ನಾನು ಆರೂವರೆಗೇ ಹೋದೆ. ನಿಂತು ಹತ್ತು ನಿಮಿಷ ಆಗಿಲ್ಲ, ಬೆನ್ನ ಹಿಂದೆ ರೊಟ್ಟಿಯ ವಾಸನೆ.

"ಸಲಾಮ್ ಅಣ್ಣಾ. ಚಳಿ ಅಲ್ವಾ? ತಗೋ, ಬಿಸಿ ಇದೆ."

ತಗೊಂಡೆ. ಹಸಿವಾಗಿತ್ತು. ಅದು ಬೇರೆ ವಿಷಯ.

ನನ್ನ ಸರದಿ ಬಂತು. ಗುಮಾಸ್ತೆ ಕಾಗದಗಳನ್ನು ಇಸ್ಪೀಟ್ ಎಲೆಗಳಂತೆ ತಿರುವಿ ಒಂದನ್ನು ಹೊರಗೆ ತಳ್ಳಿದಳು. ಜನನ ಪ್ರಮಾಣಪತ್ರಕ್ಕೆ ಮೂರು ತಿಂಗಳು ಮೀರಿದೆ, ಹೊಸದು ತಾ. ನಾನು ಹುಟ್ಟಿದ್ದು ಮೂರು ತಿಂಗಳಲ್ಲಿ ಬದಲಾಗಿದೆಯೇನಮ್ಮಾ ಎಂದೆ. ಅವಳಿಗೆ ನಗು ಬರಲಿಲ್ಲ.

ಬೂಶ್ತಾ ಹೇಳಿದ: "ಓಡು ಅಣ್ಣಾ, ನಾನು ಜಾಗ ಹಿಡ್ಕೊಂಡಿರ್ತೀನಿ."

ಪುರಸಭೆಗೆ ಓಡಿದೆ. ಅಲ್ಲಿ ಸರದಿ, ಸಹಿ ಮಾಡುವವನು ಚಹಾಕ್ಕೆ ಹೋಗಿದ್ದ, ಆಮೇಲೆ ಮುದ್ರೆ ಸಿಗಲಿಲ್ಲ. ತಿರುಗಿ ಬರುವಾಗ ಹನ್ನೊಂದೂವರೆ. ಬೂಶ್ತಾ ಕಿಟಕಿಯ ಪಕ್ಕ ಹಾಗೇ ನಿಂತಿದ್ದಾನೆ! ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ತನ್ನ ಕಡತವನ್ನೂ ಕೊಡದೆ. ನನ್ನನ್ನು ಮುಂದೆ ನಿಲ್ಲಿಸಿದ. ನನ್ನ ಕಡತದ ಸಂಖ್ಯೆ 41, ಅವನದು 42.

ಯಾಕೆ ಹೀಗೆ ಮಾಡಿದ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಜನ ನೋಡಲಿ ಎಂದು. ಗುಮಾಸ್ತೆ ನೋಡಲಿ ಎಂದು. ಒಳ್ಳೆಯತನವನ್ನು ಅಂಗಿಯ ಮೇಲೆ ಹಾಕಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಶುಕ್ರವಾರ, ನವೆಂಬರ್ 10

ಮುಕದ್ದಮ್ ಯಾವ ದಿನ ಬೇಕಾದರೂ ಬರಬಹುದಂತೆ. ಈ ಕೇರಿಯಲ್ಲಿ ಸರ್ಕಾರದ ಕಣ್ಣು, ಕಿವಿ ಎರಡೂ ಅವನೇ, ಸಿ ಕಬ್ಬೂರ್. ಅರ್ಜಿ ಹಾಕಿದವನು ಹೇಗೆ ಬದುಕಿದ್ದಾನೆಂದು ಅಕ್ಕಪಕ್ಕದ ಐದು ಮನೆ ಕೇಳಿ ವರದಿ ಕೊಡುತ್ತಾನೆ. ಆ ಐದು ಬಾಯಿಗಳ ಮೇಲೆ ನನ್ನ ಟ್ಯಾಕ್ಸಿ ನಿಂತಿದೆ.

ಆದ್ದರಿಂದ ಈ ವಾರದ ಒಳ್ಳೆಯ ಕೆಲಸಗಳು. ಮಸೀದಿಯಲ್ಲಿ ಮೊದಲ ಸಾಲು, ಐದು ದಿನ. ಓಣಿ ಗುಡಿಸಿದ್ದು, ಎರಡು ಸಲ. ಸಲ್ಲಾಮ್‌ನ ತಂಗಿಯ ಗ್ಯಾಸ್ ಸಿಲಿಂಡರ್ ಹೊತ್ತುಕೊಟ್ಟದ್ದು. ಎಲ್ಲರಿಗೂ ಸಲಾಮ್ ಹೇಳಿದ್ದು, ಬೆಕ್ಕುಗಳನ್ನು ಬಿಟ್ಟು.

ಸಲ್ಲಾಮ್ ತನ್ನ ಅಂಗಡಿಯಿಂದಲೇ ಕೂಗಿದ: "ಏನ್ ಅಲ್ಲಾಲ್, ಚುನಾವಣೆಗೆ ನಿಂತಿದೀಯಾ? ಪೊರಕೆ ಗುರುತಾ?"

ನಾಲ್ಕು ಜನ ನಕ್ಕರು. ಈ ಸಲ್ಲಾಮ್‌ನ ನಾಲಿಗೆಗೆ ಅವನ ದಬ್ಬಳವೇ ಸರಿ, ಹೊಲಿದುಬಿಡಬೇಕು. ಅವನೂ ನಮ್ಮ ಹನ್ನೆರಡರಲ್ಲಿ ಒಬ್ಬ, ಅಂಜೂರದ ಮನುಷ್ಯ. ನನ್ನನ್ನು ನೋಡಿ ನಗುತ್ತಾನೆ!

ಬೂಶ್ತಾ ಏನೂ ಗುಡಿಸಲಿಲ್ಲ. ಎಂದಿನಂತೆ ರೊಟ್ಟಿ ಬೇಯಿಸಿದ. ಅವನಿಗೆ ಗುಡಿಸುವ ಅಗತ್ಯವೂ ಇಲ್ಲ, ಅದೇ ನನಗೆ ಉರಿಯುವುದು.

ಗುರುವಾರ, ನವೆಂಬರ್ 16

ಮುಕದ್ದಮ್ ಬಂದಿದ್ದ. ನನ್ನ ಬಗ್ಗೆ ಕೇಳಲು ಅಲ್ಲ. ಬೂಶ್ತಾನ ಬಗ್ಗೆ, ನನ್ನನ್ನು. ಅವನ ಮನೆಯದೂ ನಮ್ಮದೂ ಒಂದೇ ಗೋಡೆ, ಹಾಗಾಗಿ ಆ ಐದು ಮನೆಗಳಲ್ಲಿ ನನ್ನದೂ ಒಂದು, ಕೊನೆಯದು.

"ಉಳಿದ ನಾಲ್ಕು ಮನೆಯವರು ಅವನನ್ನ ಸಂತನ್ನಾಗಿ ಮಾಡಿ ಕೂರ್ಸಿದಾರೆ," ಎಂದ ಸಿ ಕಬ್ಬೂರ್, ಚಹಾ ಊದುತ್ತಾ. "ನೀನೇನಂತೀಯಾ?"

"ಒಳ್ಳೆಯವನೇ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸುವುದರಲ್ಲಿದ್ದ. ಸಂತ ಎಂಬ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

"ಒಳ್ಳೆಯವನೇ," ಎಂದೆ ಮತ್ತೊಮ್ಮೆ. "ಆದ್ರೆ ಬೆಳಗಿನ ಜಾವ ಒಲೆಮನೆ ಹಿಂದಿನ ಬಾಗಿಲಲ್ಲಿ ಯಾರ್ಯಾರೋ ಚೀಲ ಇಳಿಸ್ತಾರೆ. ಅದರಲ್ಲೇನಿದೆ ಅಂತ ನಾನು ನೋಡಿಲ್ಲ, ಸಿ ಕಬ್ಬೂರ್. ನೋಡದೇ ಇರೋದನ್ನ ನೋಡಿದೆ ಅಂತ ಹೇಳಿ ಒಂದು ಸಲ ಜೈಲಿಗೆ ಹೋಗಿ ಬಂದಿದೀನಿ. ಸಾಕು."

ಅವನು ಪೆನ್ಸಿಲನ್ನು ಮತ್ತೆ ಇಳಿಸಿದ. ಬರೆದುಕೊಂಡ.

ನಾನು ಒಂದಕ್ಷರ ಸುಳ್ಳು ಹೇಳಿಲ್ಲ. ಚೀಲ ಇಳಿಸುವುದು ನಿಜ. ಒಳಗೆ ನಾನು ಇಣುಕಿಲ್ಲ, ಅದೂ ನಿಜ.

ಶುಕ್ರವಾರ, ನವೆಂಬರ್ 17

ಬರೆಯಲು ಏನೂ ಇಲ್ಲ. ಕೂಸ್‌ಕೂಸ್‌ಗೆ ಉಪ್ಪು ಜಾಸ್ತಿಯಾಗಿತ್ತು.

ಮಂಗಳವಾರ, ನವೆಂಬರ್ 28

ಬೆಳಿಗ್ಗೆ ಪೊಲೀಸರು ಇಬ್ಬರು ಒಲೆಮನೆಗೆ ಬಂದರು. ಹಿಂದಿನ ಬಾಗಿಲಿನಿಂದ ಚೀಲಗಳನ್ನು ಓಣಿಗೆ ಎಳೆದು ಒಂದೊಂದನ್ನೇ ಬೋರಲು ಹಾಕಿದರು. ಹನ್ನೊಂದು ಚೀಲ. ಬಡಗಿಗಳ ಅಂಗಡಿಯಿಂದ ಬರುವ ಮರದ ಹೊಟ್ಟು. ಅದನ್ನಲ್ಲದೆ ಒಲೆಗೆ ಬೇರೇನು ಹಾಕುತ್ತಾರೆ? ಗಾಳಿಗೆ ಎದ್ದು ಒಗೆದು ಹರವಿದ್ದ ಬಟ್ಟೆಗಳ ಮೇಲೆಲ್ಲ ಕೂತಿತು. ಅದು ಮರದ ಹೊಟ್ಟು ಎಂದು ಈ ಓಣಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ಒಲೆ ಹನ್ನೆರಡರವರೆಗೆ ಹೊತ್ತಲಿಲ್ಲ. ನಲವತ್ತು ಮನೆಯ ಹಿಟ್ಟು ಹುಳಿಯಾಯಿತು. ಹೆಂಗಸರ ಬಾಯಿಂದ ಬಂದ ಶಾಪಗಳನ್ನು ಇಲ್ಲಿ ಬರೆದರೆ ನೋಟ್‌ಬುಕ್ ಹೊತ್ತಿಕೊಳ್ಳುತ್ತದೆ. ಎಲ್ಲ ಶಾಪಗಳೂ "ಹೇಳಿದವನು ಯಾವನೋ, ಅವನಿಗೆ" ಎಂದು ಶುರುವಾಗುತ್ತಿದ್ದವು.

ಬೂಶ್ತಾ ಮಂಡಿಯೂರಿ ಹೊಟ್ಟನ್ನು ಕೈಯಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದ. ನನ್ನ ಹತ್ತಿರ ಪೊರಕೆ ಇತ್ತು. ತಂದುಕೊಟ್ಟೆ. "ದೇವರು ಒಳ್ಳೇದು ಮಾಡ್ಲಿ ಅಣ್ಣಾ," ಎಂದ.

ಒಳ್ಳೆಯ ಕೆಲಸ ಎಂದು ಇದನ್ನು ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ ತೈಬಿಯನ್ನು ಕೇಳಬೇಕು. ಬೇಡ, ಕೇಳುವುದಿಲ್ಲ.

ಶನಿವಾರ, ಡಿಸೆಂಬರ್ 2

ಏನೂ ಸಿಗದಿದ್ದರೂ ವರದಿಯಲ್ಲಿ "ಓಣಿಯಲ್ಲಿ ಅನುಮಾನವಿದೆ" ಎಂದು ಬಿದ್ದಾಗಿದೆಯಂತೆ. ಬೂಶ್ತಾನ ಕಡತ ರಾಶಿಯ ಅಡಿಗೆ ಹೋಯಿತು, ಮರುವಿಚಾರಣೆ ಯಾವಾಗಲೋ. ಪೊಲೀಸರು ಬಂದ ಮನೆ ಎಂದು ಒಲೆಯ ಯಜಮಾನ ಹೆದರಿ, ಕಾಗದ ಸರಿಯಾಗುವವರೆಗೆ ಬರಬೇಡ ಎಂದು ಅವನನ್ನು ಕೆಲಸದಿಂದ ನಿಲ್ಲಿಸಿದ್ದಾನೆ.

ನಾನು ಗೆದ್ದೆ. ಹಾಜ್ಜಾ ತಾಮೂ ದಾರಿಯಲ್ಲಿ ಸಿಕ್ಕಿ, "ನಿನ್ನದೇ ಮೊದಲು ಬರೋ ಹಾಗಿದೆ ಅಲ್ಲಾಲ್," ಎಂದಳು. ಈ ಮಾತು ಕೇಳಲು ಎಷ್ಟು ದಿನದಿಂದ ಕಾದಿದ್ದೆ! ಮನೆಗೆ ಬಂದು ಮಲಗಿದೆ. ತಲೆನೋವಿತ್ತು.

ಹೊಸದಾಗಿ ಬಂದವನು ಸುಡುವ ರೊಟ್ಟಿಗೆ ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ ಹಿಟ್ಟು. ಓಣಿಯಲ್ಲಿ ಈಗ ಮೂರು ಹೊತ್ತೂ ಬೂಶ್ತಾನದೇ ಮಾತು. ಅಯ್ಯೋ ಬೂಶ್ತಾ, ಪಾಪ ಬೂಶ್ತಾ. ಇದ್ದಾಗ ಹೊಗಳಿಕೆ, ಬಿದ್ದಾಗ ಕನಿಕರ. ನಾನು ಜೈಲಿಗೆ ಹೋಗಿ ಬಂದಾಗ ಒಬ್ಬರಾದರೂ ಪಾಪ ಎಂದಿದ್ದರೇ?

ಗುರುವಾರ, ಡಿಸೆಂಬರ್ 14

ಇವತ್ತು ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ಸಂಜೆ ಬೂಶ್ತಾ ಬಂದ. ಶಾಮಾ ಅವನನ್ನು ಕೂರಿಸಿ ಹುರುಳಿಕಾಯಿ ಕಾಳಿನ ಸಾರು ಬಡಿಸಿದಳು, ಅದೂ ದೊಡ್ಡ ಬಟ್ಟಲಲ್ಲಿ. ಅವನು ಇಳಿದುಹೋಗಿದ್ದಾನೆ. ತಿಂದು ಮುಗಿಸಿ ಹೇಳಿದ:

"ಅಣ್ಣಾ, ನಿನ್ನೆ ಸಿ ಕಬ್ಬೂರ್ ನನ್ನ ಹತ್ರ ಬಂದಿದ್ರು, ನಿನ್ನ ವಿಚಾರ ಕೇಳೋಕೆ. ನಾನು ಏನು ಹೇಳ್ದೆ ಅನ್ನೋದನ್ನ ನಿಂಗೆ ಹೇಳ್ಬಿಡೋಣ ಅಂತ ಬಂದೆ. ಬೇರೆಯವರ ಬಾಯಿಂದ ಕೇಳ್ಬೇಡ."

"ಏನಂದೆ?" ಎಂದೆ.

"ಮುಂಗೋಪಿ ಅಂದೆ. ನನ್ನ ಕಂಡ್ರೆ ಆಗಲ್ಲ ಅಂತನೂ ಅಂದೆ, ಬೇಜಾರು ಮಾಡ್ಕೋಬೇಡ, ಅದು ನಿಜ ತಾನೇ? ಆದ್ರೆ ಮೂರು ವರ್ಷದಲ್ಲಿ ಒಬ್ಬರಿಗೂ ಮೋಸ ಮಾಡಿದ್ದು ಕಂಡಿಲ್ಲ ಅಂದೆ. ಟ್ಯಾಕ್ಸಿ ತೊಳೆಯೋವಾಗ ಸಿಕ್ಕ ಸಾಮಾನನ್ನೆಲ್ಲ ಹುಡುಕಿಕೊಂಡು ಹೋಗಿ ಕೊಡ್ತಾನೆ ಅಂದೆ. ಆಮೇಲೆ ಜೈಲಲ್ಲಿ ನಂಗೆ ಜ್ವರ ಬಂದಾಗ ಒಂಬತ್ತು ರಾತ್ರಿ ನಿನ್ನ ಕಂಬಳಿ ನಂಗೆ ಹೊದಿಸಿದ್ದನ್ನೂ ಹೇಳ್ದೆ."

"ನೀನು ನರಳ್ತಿದ್ದೆ," ಎಂದೆ. "ನಿದ್ದೆ ಬರ್ತಿರ್ಲಿಲ್ಲ ನಂಗೆ. ಬಾಯಿ ಮುಚ್ಚಲಿ ಅಂತ ಹೊದಿಸಿದ್ದು."

"ಏನೋ ಒಂದು. ಹೊದಿಸಿದೆ ತಾನೇ?"

ಅವನು ಹೋದ ಮೇಲೆ ಶಾಮಾ ಬಾಗಿಲು ಹಾಕಿ ನನ್ನನ್ನೇ ನೋಡುತ್ತಾ ನಿಂತಳು. "ಅವನ ಬಗ್ಗೆ ಕೇಳೋಕೆ ಮುಕದ್ದಮ್ ನಮ್ಮನೆಗೂ ಬಂದಿದ್ನಲ್ಲ? ನೀನೇನು ಹೇಳ್ದೆ?"

"ಒಳ್ಳೆಯವನು ಅಂದೆ."

"ಅಷ್ಟೇನಾ?"

"ಅಷ್ಟೇ ಕಣೇ, ಪೊಲೀಸ್ ಥರ ಕೇಳ್ಬೇಡ."

ಅವಳು ಬಟ್ಟಲು ಎತ್ತಿಕೊಂಡು ಹೋದಳು. ಸುಳ್ಳು ಹೇಳಿದ್ದು ಇದೊಂದೇ. ಮುಕದ್ದಮ್‌ಗೆ ಹೇಳಿದ್ದು ಸುಳ್ಳಲ್ಲ, ಹೆಂಡತಿಗೆ ಹೇಳಿದ್ದು ಸುಳ್ಳು.

ಶನಿವಾರ, ಡಿಸೆಂಬರ್ 16

ಬೂಶ್ತಾ ನನ್ನ ಮೇಲೆ ಏನಾದರೂ ಚಾಡಿ ಹೇಳಬಹುದಿತ್ತು. ಕಾರಣಗಳು ಬೇಕಾದಷ್ಟಿದ್ದವು. ಹೇಳಿದ್ದರೆ ನಾನು ಹಾಯಾಗಿರುತ್ತಿದ್ದೆ.

ಮಂಗಳವಾರ, ಡಿಸೆಂಬರ್ 19

ಮುಕದ್ದಮ್‌ನ ಕಚೇರಿಗೆ ಹೋಗಿದ್ದೆ. ದಾರಿಯಲ್ಲಿತ್ತು, ಹೋದೆ.

"ಸಿ ಕಬ್ಬೂರ್, ಅವತ್ತು ಚೀಲದ ಮಾತು ಆಡಿದ್ನಲ್ಲ? ಅದು ಮರದ ಹೊಟ್ಟು ಅಂತ ನಂಗೆ ಅವತ್ತೇ ಗೊತ್ತಿತ್ತು."

ಅವನು ಕನ್ನಡಕ ತೆಗೆದು ಒರೆಸಿದ. ಬಾಗಿಲು ಮುಂದಕ್ಕೆ ಮಾಡಿದ. "ಗೊತ್ತಿತ್ತಾ? ಮತ್ಯಾಕಪ್ಪಾ ನನ್ನ ಮರ್ಯಾದೆನೂ ತೆಗ್ದೆ? ಪೊಲೀಸ್‌ನೋರು ಇನ್ನೂ ನನ್ನ ನೋಡಿ ನಗ್ತಾರೆ."

"ಅಳಿಸ್ಬಿಡಿ."

"ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರ್ದಿದ್ನಾ, ಅಳಿಸೋಕೆ? ನೀನು ಸಹಿ ಹಾಕಿ ಹೊಸ ಹೇಳಿಕೆ ಕೊಡ್ಬೇಕು. ಅದರ ಒಂದು ಪ್ರತಿ ಅವನ ಕಡತಕ್ಕೆ ಹೋಗುತ್ತೆ. ಇನ್ನೊಂದು ನಿನ್ನ ಕಡತಕ್ಕೆ." ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದ: "ನಿನ್ನ ಮೇಲಿರೋ ಕೇಸು ಸುಳ್ಳು ಸಾಕ್ಷಿದು. ಈಗ ಮತ್ತೆ ದಾರಿ ತಪ್ಪಿಸಿದೆ ಅಂತ ನೀನೇ ಬರ್ಕೊಟ್ರೆ, ಯಾವ ನ್ಯಾಯಾಧೀಶ ನಿನ್ನ ಮಾನ ಮರಳಿಸ್ತಾನೆ? ನಿನ್ನ ವರದಿ ಇಲ್ಲಿಯವರೆಗೆ ಚೆನ್ನಾಗಿದೆ. ಐದೂ ಮನೆಯವರು ಒಳ್ಳೇದೇ ಹೇಳಿದಾರೆ. ಮನೆಗೆ ಹೋಗು. ನಾನು ಏನೂ ಕೇಳಿಸ್ಕೊಂಡಿಲ್ಲ."

ಮನೆಗೆ ಬಂದೆ. ಸಿ ಕಬ್ಬೂರ್ ಬುದ್ಧಿವಂತ. ಅವನ ಮಾತು ಕೇಳುವುದೇ ಸರಿ.

ಐದು ಮನೆಯವರೂ ಒಳ್ಳೆಯದನ್ನೇ ಹೇಳಿದ್ದಾರಂತೆ. ಸಲ್ಲಾಮ್ ಕೂಡ.

ಮಂಗಳವಾರ, ಡಿಸೆಂಬರ್ 26

ಸಹಿ ಹಾಕಿದೆ.

ಕಾರಣ ಸ್ಪಷ್ಟವಾಗಿ ಬರೆದಿಡುತ್ತೇನೆ, ನಾಳೆ ನಾನೇ ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬಾರದು. ಕನಿಕರದಿಂದ ಮಾಡಿದ್ದಲ್ಲ. ಹೊಟ್ಟೆಕಿಚ್ಚಿನಿಂದ ಮಾಡಿದ್ದು. ಹೊಲದ ಕೇಸಿನಲ್ಲಿ ನಿಜ ಹೇಳಿದವನು ಅವನು. ನನ್ನ ಬಗ್ಗೆ ನಿಜ ಹೇಳಿದವನೂ ಅವನು. ಎಲ್ಲದರಲ್ಲೂ ಅವನೇ ಮುಂದಿರಬೇಕೇ? ನನಗೇನು ಬಾಯಿ ಇಲ್ಲವೇ? ಇನ್ನು ಮುಂದೆ ಊರು ಅವನೊಬ್ಬನ ಹೆಸರು ಹೇಳಲಿ, ನೋಡುತ್ತೇನೆ.

ಸಿ ಕಬ್ಬೂರ್ ಹೇಳಿಕೆಯನ್ನು ಓದಿಸಿದ. "ಸಾಕ್ಷಿದಾರನಿಗೆ ಚೀಲದಲ್ಲಿ ಇರುವುದು ಏನೆಂದು ತಿಳಿದಿತ್ತು. ಅಸೂಯೆಯಿಂದ ಹಾಗೆ ಹೇಳಿದನು." ಅಸೂಯೆ ಎಂಬ ಪದ ಬೇಕೇ ಎಂದು ಕೇಳಿದ. ಬೇಕು ಎಂದೆ. ಇಲ್ಲದಿದ್ದರೆ ಬೇರೆ ಏನೋ ಇದೆ ಎಂದು ಮತ್ತೆ ಬೂಶ್ತಾನನ್ನೇ ಕೆದಕುತ್ತಾರೆ.



ಶುಕ್ರವಾರ, ಜನವರಿ 5

ಓಣಿಗೆ ಗೊತ್ತಾಗಿದೆ. ಕಚೇರಿಯ ಗುಮಾಸ್ತೆಯ ಅತ್ತೆ ನಮ್ಮ ಓಣಿಯವಳು, ಅಲ್ಲಿಗೆ ಕಥೆ ಮುಗಿಯಿತು.

ಶಾಮಾ ನಾಲ್ಕು ದಿನದಿಂದ ಗೋಡೆಯ ಹತ್ತಿರ ಮಾತಾಡುತ್ತಾಳೆ. "ಗೋಡೆಯಪ್ಪಾ, ಊಟ ಆಗಿದೆ, ಬೇಕಾದವರು ಉಣ್ಣಬಹುದು." ನಾನು ಸಲಾಮ್ ಹೇಳಿದರೆ ಯಾರೂ ತಿರುಗಿ ಹೇಳುವುದಿಲ್ಲ. ಸಲ್ಲಾಮ್ ತಮಾಷೆಯನ್ನೂ ಮಾಡುವುದಿಲ್ಲ, ಅದು ಇನ್ನೂ ಕಷ್ಟ.

ಇವತ್ತು ನಿಲ್ದಾಣದಲ್ಲಿ ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತಿದ್ದೆ. ಬೂಶ್ತಾ ಬಂದು ಪಕ್ಕದ ಕಲ್ಲಿನ ಮೇಲೆ ಕೂತ.

"ಬೈಯೋದಿದ್ರೆ ಬೈದ್ಬಿಡು," ಎಂದೆ.

"ಕೋಪ ಬಂದಿದೆ ಅಣ್ಣಾ. ತುಂಬಾ ಬಂದಿದೆ. ಒಂದು ತಿಂಗಳು ಮನೇಲಿ ಕೂತಿದೀನಿ, ಹೆಂಡತಿ ಬಳೆ ಅಡವಿಟ್ಟಿದೀನಿ. ಹೋಗ್ಲಿ ಬಿಡು ಅಂತ ಹೇಳೋಕೆ ಇವತ್ತು ನನ್ನ ಕೈಲಾಗಲ್ಲ."

"ಹೇಳ್ಬೇಡ."

"ಹೇಳಲ್ಲ."

ಹಾಗೇ ಕೂತಿದ್ದು ಎದ್ದುಹೋದ. ಅವನು ಅಷ್ಟು ಕೋಪಿಸಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು. ವಿಚಿತ್ರವೆಂದರೆ ಆಗ ಅವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಮಂಗಳವಾರ, ಜನವರಿ 30

ವಿಚಾರಣೆ. ಮೂವರು ನ್ಯಾಯಾಧೀಶರು. ನಡುವಿನವರು ನನ್ನ ಕಡತದ ಕೊನೆಯ ಹಾಳೆಯನ್ನು ಎರಡು ಸಲ ಓದಿದರು.

"ಇದನ್ನ ನೀನಾಗೇ ಬರ್ಕೊಟ್ಯಾ? ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ ಸ್ವಾಮಿ."

"ಇದರಿಂದ ನಿನ್ನ ಅರ್ಜಿ ಕೆಡುತ್ತೆ ಅಂತ ಗೊತ್ತಿತ್ತಾ?"

"ಮುಕದ್ದಮ್ ಹೇಳಿದ್ರು ಸ್ವಾಮಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಪಕ್ಕದವರೊಂದಿಗೆ ಪಿಸುಗುಟ್ಟಿದರು. ತೀರ್ಪು ಮೂರು ಸಾಲು. ಸನ್ನಡತೆಯ ಪರೀಕ್ಷೆಯ ಅವಧಿಯಲ್ಲಿ ತಪ್ಪು ಮಾಹಿತಿ ನೀಡಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಎರಡು ವರ್ಷಗಳ ನಂತರ ಮತ್ತೆ ಸಲ್ಲಿಸಬಹುದು.

ಎರಡು ವರ್ಷ. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಯಿತು, ಅದನ್ನೂ ಬರೆಯುತ್ತೇನೆ. ಹೊರಗೆ ಶಾಮಾ ನಿಂತಿದ್ದಳು. ಬರುತ್ತೇನೆಂದು ಹೇಳಿರಲಿಲ್ಲ. ಗೋಡೆಗೆ ಹೇಳದೆ ನೇರವಾಗಿ ನನಗೇ ಹೇಳಿದಳು: "ಬಾ, ಬಿಸಿಯಾಗಿ ಏನಾದ್ರೂ ಕುಡಿಯೋಣ."

ಶುಕ್ರವಾರ, ಫೆಬ್ರವರಿ 23

ಬೂಶ್ತಾನಿಗೆ ಕಾಗದ ಬಂತು. "ಏನೂ ಇಲ್ಲ." ಹಾಜ್ಜಾ ತಾಮೂ ಹೇಳಿದ ಗಡುವಿಗೆ ಐದು ದಿನ ಮೊದಲು. ಕೀಲಿ ಅವನದಾಯಿತು. ಹೆಂಗಸರು ನಾಲಿಗೆ ಹೊರಳಿಸಿ ಖುಷಿಯ ಕೇಕೆ ಹಾಕಿದ್ದು ಎರಡು ಓಣಿಯ ಆಚೆಗೂ ಕೇಳಿಸಿರಬೇಕು.

ನಾನೂ ಹೋಗಿ ಮುಬಾರಕ್ ಹೇಳಿದೆ. ಮೈಯೆಲ್ಲ ಉರಿಯುತ್ತಿತ್ತು. ಅವನು ನನ್ನ ಕೈಯನ್ನು ಹಿಡಿದವನು ಬೇಗ ಬಿಡಲಿಲ್ಲ.

ಬುಧವಾರ, ಏಪ್ರಿಲ್ 11

ಬೂಶ್ತಾ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ. ಹದಿನಾರು ವರ್ಷ ಹೇಳಿದರೂ ಕಲಿಯಲಿಲ್ಲ. ಇವತ್ತು ಅವನ ಟ್ಯಾಕ್ಸಿ ತೊಳೆಯುವಾಗ ಮತ್ತೆ ಹೇಳಿದೆ. "ನೀನು ಬಂದು ಓಡ್ಸೋವರೆಗೂ ಇದು ಉಳಿದ್ರೆ ಸಾಕು ಅಣ್ಣಾ, ಹಗಲು ಪಾಳಿ ನಿಂಗೇ ಅಂತ ಹಾಜ್ಜಾಗೆ ಹೇಳಿಟ್ಟಿದೀನಿ," ಎಂದ. ಎರಡು ವರ್ಷ ಇದೆ ಇನ್ನೂ, ಅಷ್ಟರೊಳಗೆ ಕ್ಲಚ್ ಸಾಯುತ್ತದೆ. ಒಳಗಿನ ಸೀಟುಗಳನ್ನೂ ಒರೆಸಿದೆ. ಅವನ ಗಾಡಿ ಗೇಟು ದಾಟುವವರೆಗೂ ಹೊಟ್ಟೆಕಿಚ್ಚು ಇತ್ತು. ಆಮೇಲೆ ಇನ್ನೊಂದು ಗಾಡಿ ಬಂತು, ಕೆಲಸಕ್ಕೆ ಬಿದ್ದೆ.

ಸಂಜೆ ಸಿ ಕಬ್ಬೂರ್ ಮನೆಗೆ ಬಂದ. ನನ್ನಿಂದ ಇನ್ನೇನು ತಪ್ಪಾಯಿತೋ ಎಂದು ಹೆದರಿದೆ. ಹಾಗೇನಿಲ್ಲ. ಸಲ್ಲಾಮ್ ಅರ್ಜಿ ಹಾಕಿದ್ದಾನಂತೆ. ಇವತ್ತೇ ವಿಚಾರಣೆ ಶುರು, ನನ್ನ ಮನೆಯೇ ಮೊದಲು.

"ಹೇಗೆ ಮನುಷ್ಯ?"

"ನಾಲಿಗೆ ಹೊಲಸು," ಎಂದೆ. "ಯಾರನ್ನೂ ನೆಮ್ಮದಿಯಾಗಿ ಇರೋಕೆ ಬಿಡಲ್ಲ. ಆದ್ರೆ ಹಗರಣ ಯಾವುದೂ ಇಲ್ಲ. ಅವನು ಹೊಲಿದ ಚಪ್ಪಲಿ ಕಿತ್ತುಹೋಗಲ್ಲ, ಹರ್ಕೊಂಡ್ರೆ ಕಾಸು ತಗೊಳ್ದೆ ಹೊಲ್ಕೊಡ್ತಾನೆ. ಕಾಯಿಲೆ ತಂಗೀನ ಅವನೇ ನೋಡ್ಕೋತಾನೆ. ಮನೆ ಒಳಗೆ ಹೇಗಿರ್ತಾನೋ ನಂಗೊತ್ತಿಲ್ಲ, ಬಾಗಿಲವರೆಗೆ ಮಾತ್ರ ಹೋಗಿದೀನಿ."

ಅವನು ಅಷ್ಟನ್ನೂ ಬರೆದುಕೊಂಡ. ಪುಸ್ತಕ ಮುಚ್ಚಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ. ಎದ್ದು ಚಪ್ಪಲಿ ಮೆಟ್ಟಿಕೊಂಡು ಓಣಿಯ ಬಾಯಿಯ ಕಡೆಗೆ ಹೊರಟ.

"ಸಿ ಕಬ್ಬೂರ್, ಉಳಿದ ನಾಲ್ಕು ಮನೆ ಈ ಕಡೆ," ಎಂದು ಕೂಗಿದೆ.

"ನಿನ್ನ ಮಾತು ಸಾಕು," ಎಂದ, ತಿರುಗಿಯೂ ನೋಡದೆ.

ಸೋಮಾರಿ. ಐದು ಮನೆ ಕೇಳಬೇಕೆಂದು ನಿಯಮ ಇದೆ. ಇಂಥವರಿಗೆ ಸರ್ಕಾರ ಯಾಕಾದರೂ ಸಂಬಳ ಕೊಡುತ್ತದೋ.